ಗೋಡೆಗೆ ಮುಖ ಮಾಡಿದ ಸಂತ

ಸಾಣೆ ಹಿಡಿಯುವ ಬೆನಿಗ್ನೊನ ಪೀಪಿ ಕೆಳಬೀದಿಯಲ್ಲಿ ಕೇಳಿಸಿದ್ದೇ ತಡ, ಕಸಿಲ್ದಾ ಕತ್ತರಿ ಹಿಡಿದು ಬಾಗಿಲಿಗೆ ಬಂದಳು. ಆಚೆ ಈಚೆ ನೋಡಿ, ಸೊಂಟ ಹಿಡಿದು ಬಗ್ಗಿ, ಅದರ ಅಲಗನ್ನು ಹೊಸ್ತಿಲ ಕಲ್ಲಿಗೆ ಗಸಗಸ ಉಜ್ಜಿ ಮೊಂಡು ಮಾಡತೊಡಗಿದಳು.

"ಉಜ್ಜು, ಉಜ್ಜು," ಎಂದಳು ಒಳಗೆ ಚೆರ್ರಿ ಹಣ್ಣಿನ ತೊಟ್ಟು ಬಿಡಿಸುತ್ತಿದ್ದ ತಂಗಿ ತೆಕ್ಲಾ. "ಹೊಸ್ತಿಲು ಸವೆದು ಗುಣಿ ಬಿತ್ತು. ಆ ಗಲೀಸಿಯಾ ಸೀಮೆಯ ಸಾಣೆಯವನು ಮಾತ್ರ ಬಾಯಿ ಬಿಡಲಿಲ್ಲ."

"ಸುಮ್ಮನಿರೇ. ತಲೆ ನರೆತವರು ಆಡೋ ಮಾತಾ ಇದು?"

"ತಲೆ ನರೆತವರು ಮಾಡೋ ಕೆಲಸಾನಾ ಅದು?"

ಒಲೆಯ ಎದುರು ಗೋಡೆಯಲ್ಲಿ ಸಂತ ಅಂತೋಣಿಯ ಎಣ್ಣೆಬಣ್ಣದ ಪಟವಿತ್ತು. ಮುತ್ತಜ್ಜಿಯ ಕಾಲದಲ್ಲಿ ಊರೂರು ತಿರುಗುವ ಚಿತ್ರಕಾರನೊಬ್ಬ ಚಳಿಗಾಲವಿಡೀ ಈ ಮನೆಯಲ್ಲಿ ಉಂಡು, ಆ ಋಣಕ್ಕೆ ಬರೆದುಕೊಟ್ಟದ್ದು. ಆದರೆ ಮನೆಗೆ ಬಂದವರಿಗೆ ಕಾಣುತ್ತಿದ್ದುದು ಪಟದ ಬೆನ್ನು ಮತ್ತು ಜೇಡರ ಬಲೆ. ಕಸಿಲ್ದಾ ಹುಡುಗಿಯಾಗಿದ್ದಾಗ ಒಂದು ಅಂತೋಣಿ ಹಬ್ಬದ ದಿನ, ನಮ್ಮ ಕಡೆಯ ಹುಡುಗಿಯರೆಲ್ಲ ಮಾಡುವ ಹಾಗೆ, ಸಂತನನ್ನು ಗೋಡೆಗೆ ಮುಖ ಮಾಡಿ ತೂಗುಹಾಕಿದ್ದಳು. "ಬೆನಿಗ್ನೊನ ಬಾಯಿಂದ ಆ ಮಾತು ಹೊರಡಿಸು. ಗಂಡ ಸಿಕ್ಕ ದಿನ ನಿನ್ನ ಮುಖ ಈಚೆ ತಿರುಗಿಸ್ತೀನಿ. ಅಲ್ಲೀವರೆಗೂ ಸುಣ್ಣ ನೋಡ್ಕೊಂಡಿರು!" ಗೆಳತಿಯರ ಸಂತರು ಒಂದೆರಡು ವರ್ಷಕ್ಕೆ ಶಿಕ್ಷೆ ಮುಗಿಸಿ ಈಚೆ ತಿರುಗಿದರು. ಇವಳ ಸಂತ ಇನ್ನೂ ಸುಣ್ಣವನ್ನೇ ನೋಡುತ್ತಿದ್ದ.

ಆಗಿನ ಬೆನಿಗ್ನೊ ಹೇಗಿದ್ದ! ಕಿವಿಯ ಮೇಲೆ ಎಳೆ ಗೋಧಿಯ ತೆನೆ ಸಿಕ್ಕಿಸಿಕೊಂಡು, ಒಂಟಿಗಾಲಿಯ ಸಾಣೆಗಾಡಿ ತಳ್ಳುತ್ತ ಬಂದರೆ ಬೀದಿಯ ಹುಡುಗಿಯರೆಲ್ಲ ಮನೆಯ ಚಾಕುಗಳನ್ನು ಉಡಿಯಲ್ಲಿ ತುಂಬಿಕೊಂಡು ಓಡುತ್ತಿದ್ದರು. ಕಿಡಿ ಹಾರಿದರೆ ಕಿರುಚಿ ನಗುತ್ತಿದ್ದರು. ಈಗ ಪೀಪಿ ಊದಿದರೆ ತೆರೆಯುವುದು ಈ ಒಂದೇ ಬಾಗಿಲು.

ಬೆನಿಗ್ನೊ ಕುಂಟುತ್ತ ಬಂದು ಗಾಡಿ ನಿಲ್ಲಿಸಿದ.

"ಇದೇ ಕೊನೆ ಸುತ್ತು, ಅಮ್ಮಾ. ಮಂಡಿ ಕೇಳ್ತಾ ಇಲ್ಲ. ಒಂದು ಲೋಟ ನೀರು ಕೊಡ್ತೀರಾ?"

ಕಸಿಲ್ದಾಳ ಕೈಯ ಕತ್ತರಿ ಅಲ್ಲೇ ನಿಂತಿತು. ಇವತ್ತು ಬಾರದ ಮಾತು ಇನ್ನೆಂದೂ ಬರುವುದಿಲ್ಲ.

"ನೀರು ಯಾಕಯ್ಯಾ, ವೈನು ಇದೆ. ಒಳಗೆ ಬಾ," ಎಂದು ತೆಕ್ಲಾ ಬಾಗಿಲಿಗೆ ಬಂದು ಅವನ ತೋಳು ಹಿಡಿದೇ ಎಳೆದಳು. ಗಾಡಿ ಬೀದಿಯಲ್ಲೇ ಉಳಿಯಿತು. ಇಷ್ಟು ವರ್ಷಗಳಲ್ಲಿ ಅವನು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಒಳಗೆ ಬಂದವನು ಟೋಪಿ ತೆಗೆದ. ಪಟದ ಬೆನ್ನು ನೋಡಿ ಶಿಲುಬೆಯ ಗುರುತು ಮಾಡಿಕೊಂಡ. ದನಿ ತಗ್ಗಿಸಿ ಕೇಳಿದ:

"ಈ ಸಲ ಯಾರಮ್ಮಾ?"

"ಯಾರು ಅಂದ್ರೆ?" ಎಂದಳು ತೆಕ್ಲಾ.

"ತೀರಿಕೊಂಡೋರು. ನಮ್ಮ ಕಡೆ ಸಾವಾದ ಮನೇಲಿ ಪಟ, ಕನ್ನಡಿ ಎಲ್ಲಾ ಗೋಡೆಗೆ ತಿರುಗಿಸಿಬಿಡ್ತೀವಿ, ದುಃಖದ ಕಾಲ ಮುಗಿಯೋವರೆಗೂ. ಆಗ... ಒಂದು ವರ್ಷ ಕೇಳೇಬಿಡೋಣ ಅಂತಲೇ ಬಂದಿದ್ದೆ. ಬಾಗಿಲಿಂದ ನೋಡ್ತೀನಿ, ಸಂತ ತಿರುಗಿದ್ದಾನೆ. ಮಾರನೇ ವರ್ಷ ಬಂದ್ರೆ ನೀವು ಕಪ್ಪು ಉಟ್ಟಿದ್ರಿ."

"ಅದು ಅಪ್ಪ ಹೋದ ವರ್ಷ," ಎಂದಳು ಕಸಿಲ್ದಾ ಮೆಲ್ಲಗೆ.

"ಆಮೇಲೆ ಯುದ್ಧ. ಆಮೇಲೆ ನಿಮ್ಮಮ್ಮ. ಪಾಪ, ಈ ಮನೇಲಿ ಸಾವಿನ ಮೇಲೆ ಸಾವು ಅಂದ್ಕೊಂಡೆ. ಸಾವಿನ ಮನೆ ಬಾಗಿಲಲ್ಲಿ ನಿಂತು ಹೆಣ್ಣು ಹೇಗೆ ಕೇಳೋದು?"

ತೆಕ್ಲಾ ಕಿಸಕ್ಕನೆ ನಕ್ಕಳು. ಅಕ್ಕನ ಮುಖ ನೋಡಿ, ಸೊಂಟಕ್ಕೆ ಕಟ್ಟಿಕೊಂಡಿದ್ದ ಅಡುಗೆಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು.

"ಅದಕ್ಕೇ ವರ್ಷವರ್ಷ ಸುಮ್ಮನೆ ಕತ್ತರಿ ಸಾಣೆ ಹಿಡಿದು ಹೋದ್ಯಾ?" ಎಂದಳು ಕಸಿಲ್ದಾ.

"ಬಟ್ಟೆ ಕತ್ತರಿಸಿ ಮೊಂಡಾದ ಅಲಗು ಬೇರೆ, ಕಲ್ಲಿಗೆ ಉಜ್ಜಿದ ಅಲಗು ಬೇರೆ ಅಂತ ನನಗೆ ಗೊತ್ತಾಗಲ್ವಾ?" ಅವನು ಟೋಪಿಯನ್ನೇ ನೋಡುತ್ತ ಹೇಳಿದ. "ಅದಕ್ಕೇ ವರ್ಷವರ್ಷ ಬಂದೆ."

ಕಸಿಲ್ದಾ ಗೋಡೆಯ ಬಳಿ ಹೋಗಿ, ಯಾರ ನೆರವೂ ಕೇಳದೆ ಪಟವನ್ನು ಕೆಳಗಿಳಿಸಿ ಈಚೆ ತಿರುಗಿಸಿದಳು. ಒಲೆಯ ಹೊಗೆ ಆ ಮುಖವನ್ನು ಮುಟ್ಟಿರಲಿಲ್ಲ. ತೋಳಲ್ಲಿದ್ದ ಬಾಲಯೇಸುವಿನ ಕೆನ್ನೆ ಅಂದಿನಷ್ಟೇ ಕೆಂಪು, ಕೈಯ ಲಿಲಿ ಅಂದಿನಷ್ಟೇ ಬಿಳಿ. ಸಂತನಿಗೆ ಒಂದು ದಿನದಷ್ಟೂ ವಯಸ್ಸಾಗಿರಲಿಲ್ಲ. ಅವನ ಎದುರು ಮೂವರು ಮುದುಕರು ನಿಂತಿದ್ದರು.

"ಅಕ್ಕಾ," ಎಂದಳು ತೆಕ್ಲಾ, "ಗಂಡ ಸಿಕ್ಕ ಮೇಲೆ ತಾನೇ ತಿರುಗಿಸ್ತೀನಿ ಅಂದಿದ್ದು?"

ಕಸಿಲ್ದಾ ಪಟದ ಚೌಕಟ್ಟು ಹಿಡಿದ ಕೈ ಬಿಡಲಿಲ್ಲ.

ಬೆನಿಗ್ನೊ ಟೋಪಿ ಹಾಕಿಕೊಂಡು ಹೊರಗೆ ನಡೆದ. ಹೋಗಿಯೇಬಿಟ್ಟ ಅಂದುಕೊಂಡರು ಅಕ್ಕತಂಗಿಯರು. ಕಲ್ಲಿನ ಮೇಲೆ ಗಾಲಿ ಉರುಳುವ ಸದ್ದು ಕೇಳಿಸಿತು. ನೋಡಿದರೆ ಅವನು ಸಾಣೆಗಾಡಿಯನ್ನು ಎತ್ತಿ ಹೊಸ್ತಿಲು ದಾಟಿಸಿ ಒಳಗೆ ತರುತ್ತಿದ್ದ.

"ಮಳೆ ಬರೋ ಹಾಗಿದೆ," ಎಂದ. "ನೆನೆದುಹೋಗುತ್ತೆ."

ಹೊರಗೆ ಜೂನ್ ತಿಂಗಳ ಬಿಸಿಲು ರಣಗುಟ್ಟುತ್ತಿತ್ತು.