ಚಪ್ಪಾಳೆ ಕೇಳಿಸಿದ ಕ್ಯಾಸೆಟ್ಟು

ಗಿಟಾರು ನಿಂತದ್ದೇ ತಡ, ಲುದ್ಮೀಲಾ ಮೈಮರೆತು ಚಪ್ಪಾಳೆ ತಟ್ಟಿಬಿಟ್ಟಳು. ತಟ್ಟಿದ ಮೇಲೆ ತಪ್ಪು ಹೊಳೆಯಿತು. ಮಡಿಲಿನ ಚೀಲದಲ್ಲಿ ರೆಕಾರ್ಡರ್ ಓಡುತ್ತಿತ್ತು, ಮೈಕು ಕೊರಳಿನ ಶಾಲಿನೊಳಗೇ ಇತ್ತು. ಕಛೇರಿಯನ್ನು ಕದ್ದು ರೆಕಾರ್ಡ್ ಮಾಡುವವರು ಚಪ್ಪಾಳೆ ತಟ್ಟಬಾರದು. ಪಕ್ಕದ ಕುರ್ಚಿಯವರು ತಟ್ಟಿದರೂ ಅವಳ ಗಂಡ ವಿತೋಲ್ಡ್ ಮನೆಗೆ ಬಂದು, ಸೂಪು ಆರಿಹೋಗುವ ತನಕ ಬೈಯುತ್ತಿದ್ದ.

ಆ ವಿತೋಲ್ಡ್ ತೀರಿಕೊಂಡು ವರ್ಷ ಕಳೆದಿತ್ತು. ಪಿಂಚಣಿಯವರು ಅವನ ಹೆಸರು ಹೊಡೆದುಹಾಕಿದರು. ಫೋನಿನವರು ಬಿಲ್ಲನ್ನು ಅವಳ ಹೆಸರಿಗೆ ಮಾಡಿಕೊಟ್ಟರು. ಅವನ ಹೆಸರಿಗೆ ಈಗಲೂ ಬರುತ್ತಿದ್ದುದು ಕಾತೋವಿತ್ಸೆ ಊರಿನ ಗೆಳೆಯ ಲೆಶೆಕ್ ಕಳಿಸುವ ಕ್ಯಾಸೆಟ್ಟು ಮಾತ್ರ. ಜಾಝಿಗೆ ಎಲೆಕ್ಟ್ರಿಕ್ ಗಿಟಾರು ಬೆರೆಸಿದ ಫ್ಯೂಷನ್ ಸಂಗೀತದ ಹುಚ್ಚು ಇಬ್ಬರಿಗೂ ಇತ್ತು. ಎಷ್ಟೋ ವರ್ಷಗಳ ಗೆಳೆತನ, ಆದರೆ ಒಬ್ಬರ ಮುಖ ಒಬ್ಬರು ಕಂಡವರಲ್ಲ. ವಿತೋಲ್ಡ್ ಇಲ್ಲಿನ, ವ್ರೋತ್ಸ್ವಾಫ್‌ನ ಕಛೇರಿ ಕಳಿಸಿದರೆ ಲೆಶೆಕ್ ತನ್ನೂರಿನದನ್ನು ಕಳಿಸುತ್ತಿದ್ದ. ಇಲ್ಲಿಂದ ಹೋಗುವುದು ನಿಂತರೆ ಅಲ್ಲಿಂದ ಬರುವುದೂ ನಿಲ್ಲುತ್ತದೆ.

ಅದು ನಿಲ್ಲುವುದು ಲುದ್ಮೀಲಾಗೆ ಬೇಕಿರಲಿಲ್ಲ. ಅಂಚೆಯವನು ಬಾಗಿಲಲ್ಲಿ ನಿಂತು ವಿತೋಲ್ಡನ ಹೆಸರು ಕೂಗಿದಾಗ ಅವಳಿಗೆ ಆ ದಿನ ಊಟ ಸೇರುತ್ತಿತ್ತು. ಹಾಗಾಗಿ ಗಂಡನ ರೆಕಾರ್ಡರ್ ಎತ್ತಿಕೊಂಡು ತಾನೇ ಹೊರಟಳು. ಸಂಗೀತದ ತಲೆಬುಡ ತಿಳಿಯದಿದ್ದರೂ ಅವನ ಹೆಸರಿನಲ್ಲೇ, ಅವನ ಹಾಗೇ ದಪ್ಪ ಅಕ್ಷರದಲ್ಲಿ ಚೀಟಿ ಬರೆದು ಕ್ಯಾಸೆಟ್ಟು ಕಳಿಸಿದಳು. ಲೆಶೆಕನ ಉತ್ತರಗಳೂ ತಪ್ಪಲಿಲ್ಲ. ಹಿಂದೆ ಡ್ರಮ್ಮಿನವನನ್ನು ಜಾಲಾಡಿಸಿ ಹಾಳೆಗಟ್ಟಲೆ ಬರೆಯುತ್ತಿದ್ದವನು ಈಗ ಎರಡು ಸಾಲಿಗೆ ಮುಗಿಸುತ್ತಿದ್ದ. ಹೆಚ್ಚು ಕೇಳದಿದ್ದರೆ ತನಗೂ ಕ್ಷೇಮ ಎಂದು ಅವಳು ಸುಮ್ಮನಿದ್ದಳು.

ಚಪ್ಪಾಳೆಯ ಕ್ಯಾಸೆಟ್ಟನ್ನೂ ಕಳಿಸಲೇಬೇಕಾಯಿತು, ಬೇರೆ ಇರಲಿಲ್ಲ. ಉತ್ತರ ಬಂತು: "ಈ ಸಲ ಚಪ್ಪಾಳೆ ಬಹಳ ಚೆನ್ನಾಗಿ ಕೇಳಿಸಿತು."

ಕುಹಕವಲ್ಲದೆ ಇನ್ನೇನು? ವಿತೋಲ್ಡ್ ಆಗಿದ್ದರೆ ತಟ್ಟುತ್ತಿರಲಿಲ್ಲ, ತನ್ನ ಕಳ್ಳಾಟ ಸಿಕ್ಕಿಬಿದ್ದಿದೆ. ಅವನಾಗಿ ಕೇಳುವ ಮುಂಚೆ ತಾನೇ ಹೋಗಿ ಒಪ್ಪಿಕೊಂಡು ಈ ನಾಟಕ ಮುಗಿಸುವುದು ವಾಸಿ. ಶನಿವಾರ ಬೆಳಿಗ್ಗೆ ರೈಲು ಹತ್ತಿದಳು. 'ವಿತೋಲ್ಡ್ ಈಗಿಲ್ಲ.' ಇಷ್ಟನ್ನು ಹೇಳಬೇಕು. ಕಾತೋವಿತ್ಸೆ ಬರುವವರೆಗೂ ಅದನ್ನೇ ಬಾಯಿಪಾಠ ಮಾಡಿದಳು. ಪ್ರತಿ ಸಲವೂ ಅಳು ಬಂತು.

ಬಾಗಿಲು ತೆಗೆದವನು ಬೆನ್ನು ಬಾಗಿದ ಮುದುಕ.

"ಲೆಶೆಕ್ ಇದಾರಾ? ನಾನು ವ್ರೋತ್ಸ್ವಾಫ್‌ನ ವಿತೋಲ್ಡ್ ಹೆಂಡ್ತಿ."

ಮುದುಕ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅವಳ ಹಿಂದಿನ ಮೆಟ್ಟಿಲುಗಳತ್ತ ಹೆದರಿದವನಂತೆ ನೋಡಿದ. "ನಾನು ಅವನ ಅಪ್ಪ. ನಿಮ್ಮ ಯಜಮಾನ್ರೂ ಬಂದ್ರಾ?"

ಬಾಯಿಪಾಠ ಮಾಡಿದ್ದನ್ನು ಬಿಟ್ಟು ಬೇರೆಯೇ ಹೇಳಿದಳು. "ಅವ್ರಿಗೆ ಪ್ರಯಾಣ ಆಗೋದಿಲ್ಲ."

"ಹಾಗಾ." ಮುದುಕನ ಉಸಿರು ಸಡಿಲವಾಯಿತು. "ಲೆಶೆಕನೂ ಇಲ್ಲ, ಹೊರಗೆ ಹೋಗಿದಾನೆ. ಬನ್ನಿ ತಾಯಿ, ಟೀ ಕುಡೀರಿ."

ಅಡುಗೆಮನೆಯ ಗೋಡೆಯ ತುಂಬ ಕ್ಯಾಸೆಟ್ಟುಗಳಿದ್ದವು. ವಿತೋಲ್ಡ್ ಕಳಿಸಿದವಕ್ಕೆ ಬೇರೆಯದೇ ಕಪಾಟು. ಅವಳು ಕಳಿಸಿದವೂ ಅಲ್ಲೇ, ಅವನವುಗಳ ಪಕ್ಕದಲ್ಲೇ ಕೂತಿದ್ದವು. ನೋಡಿ ಅವಳ ಕಣ್ಣು ಮಂಜಾಯಿತು. ಮುದುಕ ನಿಂಬೆಹೋಳು ಹಾಕಿದ ಟೀ ಕೊಟ್ಟು, ಗಸಗಸೆ ಕೇಕು ಕತ್ತರಿಸಿದ.

"ಈ ಗಲಾಟೆನ ಅದು ಹೆಂಗೆ ಕೇಳ್ತಾರೋ ನಂಗಂತೂ ಗೊತ್ತಿಲ್ಲಮ್ಮ. ನಾನು ಗಣೀಲಿ ದುಡ್ದೋನು. ನಮ್ ಡ್ರಿಲ್ಲೇ ವಾಸಿ, ಊಟದ ಹೊತ್ತಿಗಾದ್ರೂ ನಿಲ್ತಿತ್ತು."

ಅವಳಿಗೆ ನಗು ಬಂದುಬಿಟ್ಟಿತು. "ನಾನೂ ಇವ್ರನ್ನ ಹಂಗೇ ಬೈತಿದ್ದೆ."

"ಅವ್ರು ಏನಂತಿದ್ರು?"

"ನಿಂಗೆ ಕಿವಿ ಇಲ್ಲ ಕಣೇ, ಅಂತಿದ್ರು."

"ನಂಗೂ ಅದೇ ಬೈಗುಳ!"

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಇನ್ನು ತಡಮಾಡಿದರೆ ಹೇಳುವುದೇ ಇಲ್ಲ ಎಂದು ಅವಳಿಗೆ ಹೊಳೆಯಿತು. "ಲೆಶೆಕ್ ಆ ಚಪ್ಪಾಳೆ ವಿಷ್ಯ ಬರ್ದಿದ್ರಲ್ಲ, ಅದು ಚುಚ್ಚೋಕೆ ಬರ್ದಿದ್ದು ತಾನೆ?"

"ಚುಚ್ಚೋದಾ? ಅಯ್ಯೋ ಇಲ್ಲಮ್ಮ," ಮುದುಕ ಗಾಬರಿಯಾದ. "ನಿಜವಾಗ್ಲೂ ಚೆನ್ನಾಗಿತ್ತು. ಆ ಕ್ಯಾಸೆಟ್ನಲ್ಲಿ ನಂಗೆ ಅರ್ಥವಾಗಿದ್ದೇ ಅದೊಂದು. ಅದಕ್ಕೇ ಬರ್ದೆ."

ಆಡಿದ ಮಾತು ಅವನ ಕಿವಿಗೇ ಬಿತ್ತು. ಚಾಕು ಕೆಳಗಿಟ್ಟ.

"ಹೋದ ಚಳಿಗಾಲದಲ್ಲಿ ಹೋಗ್ಬಿಟ್ಟ ನನ್ ಮಗ. ಕ್ಯಾಸೆಟ್ಟು ಬರ್ತಾನೇ ಇತ್ತು. ತಿಳಿಸೋಕೆ ಕೈ ಏಳ್ಲಿಲ್ಲ. ಅವನ ಕೋಟು ಹಾಕ್ಕೊಂಡು ನಾನೇ ಹೋಗಿ ರೆಕಾರ್ಡ್ ಮಾಡ್ದೆ, ನಾನೇ ಕಳಿಸ್ದೆ."

ಲುದ್ಮೀಲಾ ಏನೋ ಹೇಳಲು ಬಾಯಿ ತೆರೆದಳು. ಮುದುಕ ಅವಳ ಎರಡೂ ಕೈ ಹಿಡಿದುಕೊಂಡ.

"ನಿಮ್ಮ ಯಜಮಾನ್ರಿಗೆ ಮಾತ್ರ ಹೇಳ್ಬೇಡಿ ತಾಯಿ, ನನ್ ಮಗ ಇನ್ನೂ ಬದುಕಿರೋದು ಅವ್ರೊಬ್ರ ಪಾಲಿಗೆ."