ಪರೆಯಕಳಿಯ ಅಪ್ಪುಗೆ

ಪರೆಯಕಳಿ ಕೊಡವರ ಬೆತ್ತದ ಕುಣಿತ. ದುಡಿಯ ಬಡಿತಕ್ಕೆ ಹೆಜ್ಜೆ ಹಾಕುತ್ತ ಎದುರಾಳಿಯ ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕು; ಮುಗಿದ ಮೇಲೆ ಹಗೆಯಿಲ್ಲವೆಂದು ತೋರಿಸಲು ಇಬ್ಬರೂ ತಬ್ಬಿಕೊಳ್ಳಬೇಕು.

ಉತ್ತಯ್ಯ ಕಾಯುತ್ತಿದ್ದುದು ಆ ಅಪ್ಪುಗೆಗೆ. ಉತ್ತಯ್ಯನ ತಮ್ಮನನ್ನು ಕೊಂದೂ ಖುಲಾಸೆಯಾಗಿ ಬಂದ ಪೆಮ್ಮಯ್ಯ ಇಂದು ಎದುರಿಗಿದ್ದ, ಅದೂ ಕತ್ತಿ ಕಟ್ಟದೆ. ಉತ್ತಯ್ಯನ ಉಡುಪಿನಲ್ಲಿ ವಾಡಿಕೆಯಂತೆ ಸೊಂಟದ ಮುಂದೆ ಪೀಚೆಕತ್ತಿ, ಬೆನ್ನಿಗೆ ಒಡಿಕತ್ತಿ.

ಅವನು ಬೆತ್ತ ಬೀಸಿದ. ಪೆಮ್ಮಯ್ಯನ ಕಾಲಿನಿಂದ ರಕ್ತ ಚಿಮ್ಮಿತು.

“ಇನ್ನೂ ಹೊಡಿ ಬಾವ, ಸೊಳ್ಳೆ ಕಚ್ಚಿದ ಹಾಗುಂಟು!” ಪೆಮ್ಮಯ್ಯ ನಕ್ಕ.

ಉತ್ತಯ್ಯ ಮತ್ತೆ ಬೀಸಿದ. ಪೆಮ್ಮಯ್ಯ ಮುಗ್ಗರಿಸಿದ.

“ಸಾಕು, ತಬ್ಬಿಕೊಳ್ಳಿ!” ಹಿರಿಯರು ಕೂಗಿದರು.

ಪೆಮ್ಮಯ್ಯ ತಬ್ಬಿಕೊಂಡ. ಉತ್ತಯ್ಯನ ಕೈ ಪೀಚೆಕತ್ತಿಯ ಹಿಡಿಗೆ ಹೋಯಿತು.

ಪೆಮ್ಮಯ್ಯ ಕಿವಿಯಲ್ಲಿ ಹೇಳಿದ: “ನಿನ್ನ ಬೆನ್ನಿಗಿದ್ದದ್ದು ಆಗಲೇ ನನ್ನ ಕೈಯಲ್ಲುಂಟು, ಬಾವ.”