ಕಿಟಕಿಯ ಲೋಟ

ಮಗನಿಗೆ ಸ್ಟೀಲು ಲೋಟದಲ್ಲಿ ಕಾಫಿ ಕೊಟ್ಟ ಅಲಮೇಲಮ್ಮ, ಅತಿಥಿಗೆ ಮಾತ್ರ ವರಾಂಡದ ಕಿಟಕಿಯಲ್ಲಿದ್ದ ಗಾಜಿನ ಲೋಟದಲ್ಲಿ ಕೊಟ್ಟರು. ಹೊರಗಿನವರಿಗೆಂದೇ ಇಟ್ಟ ಲೋಟ ಅದು. ಡಾಕ್ಟರ್ ಜಗನ್ನಾಥರ ಕಿವಿ ಬಿಸಿಯಾಯಿತು. "ಅಮ್ಮಾ, ಒಳಗಿನ ಲೋಟ ಇರಲಿಲ್ವಾ?" ಎಂದು ಪಿಸುಗುಟ್ಟಿದರು.

"ಯಾವ ಜನಾನೋ ಏನೋ, ಸುಮ್ನಿರೋ" ಎನ್ನುತ್ತ ಆಕೆ ಒಳಗೆ ಹೋದರು.

ಅತಿಥಿ ಇಥಿಯೋಪಿಯಾದ ಡಾಕ್ಟರ್ ತೆಸ್ಫಾಯೆ. ಕಳೆದ ವರ್ಷ ಸಿಡುಬು ನಿರ್ಮೂಲನೆಗೆಂದು ಜಗನ್ನಾಥರು ಅಲ್ಲಿಗೆ ಹೋಗಿದ್ದಾಗ, ತೆಸ್ಫಾಯೆಯ ತಾಯಿ ಮನೆಮಂದಿಯೆಲ್ಲ ಉಣ್ಣುವ ತಟ್ಟೆಯಿಂದಲೇ ಬೇಳೆ ಕಲಸಿದ ತುತ್ತೊಂದನ್ನು ಅವರ ಬಾಯಿಗಿಟ್ಟಿದ್ದರು. ಈಗ ಎರಡು ದೇಶಗಳ ಒಪ್ಪಂದದಂತೆ ತೆಸ್ಫಾಯೆ ಕ್ಷಯರೋಗದ ತರಬೇತಿಗೆ ಬೆಂಗಳೂರಿಗೆ ಬಂದಿದ್ದರು. ನಾಳೆಯ ಸ್ವಾಗತ ಸಭೆಗೆ ಜಗನ್ನಾಥರು ಬರೆದುಕೊಂಡಿದ್ದ ಭಾಷಣ ಶುರುವಾಗುತ್ತಿದ್ದುದೇ ಆ ತುತ್ತಿನಿಂದ.

ಅಮ್ಮನ ಮಡಿಯನ್ನು ಅವರು ಮನಸ್ಸಿನಲ್ಲೇ ಬೈದುಕೊಳ್ಳುತ್ತಿರುವಾಗ, ತೆಸ್ಫಾಯೆ ಕಾಫಿ ಮುಗಿಸಿ, ತಾವೇ ಅಂಗಳದ ನಲ್ಲಿಯಲ್ಲಿ ಲೋಟ ತೊಳೆದು ತಂದರು. "ಇದನ್ನ ಎಲ್ಲಿಡಲಿ, ಜಗನ್?" ಎಂದು ನಗುತ್ತ ಕೇಳಿದರು.

ಎದುರಿಗೇ ಅಡುಗೆಮನೆಯ ಬಾಗಿಲು ತೆರೆದಿತ್ತು. ಜಗನ್ನಾಥರು ಯೋಚಿಸುವ ಮೊದಲೇ ಅವರ ಬೆರಳು ಕಿಟಕಿಯನ್ನು ತೋರಿಸಿಬಿಟ್ಟಿತ್ತು.